ಹಲ್ಲು ಕೀಳುವ ಮುನ್ನ ಕೆನ್ನೆಯ ಸ್ನಾಯು ಒತ್ತಿ ನೋಡಿ

ಮಾನ್ಯ ಸಂಪಾದಕರೇ,

ಕಿವಿಯ ಮುಂದೆ ಶುರುವಾಗಿ ಕಣತಲೆಗೂ ಹಲ್ಲಿಗೂ ಹರಡುವ ನೋವಿಗಾಗಿ ನಮ್ಮಲ್ಲಿ ಎಷ್ಟೋ ಜನ ಕಿವಿಯ ವೈದ್ಯರಿಂದ ಹಲ್ಲಿನ ವೈದ್ಯರಲ್ಲಿಗೆ, ಅಲ್ಲಿಂದ ತಲೆನೋವಿನ ಮಾತ್ರೆಗೆ ಅಲೆಯುತ್ತಾರೆ. ನಾನೂ ಎರಡು ವರ್ಷ ಹಾಗೆ ಅಲೆದವಳು. ಕಿವಿಗೆ ಔಷಧಿಯ ಹನಿ ಹಾಕಿದ್ದಾಯಿತು, ಕ್ಲಿನಿಕ್ ಒಂದರಲ್ಲಿ ಎಡಗಡೆಯ ದವಡೆಹಲ್ಲೊಂದನ್ನು ಕೀಳಿಸಿದ್ದೂ ಆಯಿತು. ನೋವು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ದಂತವೈದ್ಯಕೀಯ ಕಾಲೇಜಿನ ವೈದ್ಯೆಯೊಬ್ಬರು ನನ್ನ ಕೆನ್ನೆಯ ಮೇಲೆ ಎರಡು ಬೆರಳಿಟ್ಟು, ಹಲ್ಲು ಕಚ್ಚಿ ಹಿಡಿಯಲು ಹೇಳಿ, ಉಬ್ಬಿದ ಸ್ನಾಯುವನ್ನು ಒತ್ತಿದರು. ಎರಡು ವರ್ಷದಿಂದ ನಾನು ಹಲ್ಲುನೋವು ಎಂದುಕೊಂಡಿದ್ದ ಅದೇ ನೋವು, ಕಿತ್ತ ಹಲ್ಲಿನ ಖಾಲಿ ಜಾಗದಲ್ಲಿ ಎದ್ದಿತು.

ದವಡೆಯ ಕೀಲು ಕಿವಿಯ ರಂಧ್ರದ ಸ್ವಲ್ಪ ಮುಂದೆ ಇದೆ. ಬಾಯಿ ತೆರೆದಾಗ ಅದು ಬಾಗಿಲಿನಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ದವಡೆಯನ್ನು ಮುಚ್ಚಿ ಕಚ್ಚಲು, ಜಗಿಯಲು ನೆರವಾಗುವ ಸ್ನಾಯುಗಳಲ್ಲಿ ಕೆನ್ನೆಯ ಮ್ಯಾಸೆಟರ್, ಕಣತಲೆಯ ಟೆಂಪೊರಾಲಿಸ್ ಮುಖ್ಯವಾದವು. ದವಡೆ ಕೀಲಿನ ತೊಂದರೆ ಎನ್ನುವುದರಲ್ಲಿ ಹೆಚ್ಚಿನ ಪಾಲು ಕೀಲಿನ ಸವೆತವಲ್ಲ, ಈ ಸ್ನಾಯುಗಳ ನೋವೇ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಚಿಂತೆಯಲ್ಲಿ ಹಗಲೆಲ್ಲ ದವಡೆ ಬಿಗಿಹಿಡಿಯುವುದು ಅವುಗಳನ್ನು ದಣಿಸುತ್ತವೆ. ಹಲ್ಲು, ದವಡೆ, ಕಣತಲೆಗಳಿಗೆಲ್ಲ ಟ್ರೈಜೆಮಿನಲ್ ಎಂಬ ಒಂದೇ ನರದ ಕವಲುಗಳು ಹೋಗುವುದರಿಂದ ನೋವು ಹುಟ್ಟಿದ್ದು ಒಂದೆಡೆಯಾದರೂ ತೋರುವುದು ಇನ್ನೊಂದೆಡೆ.

ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವವರು ವಿರಳ. ಕೆಲವು ವಾರ ಮೆತ್ತಗಿನ ಊಟ, ಬಿಸಿ ಶಾಖ, ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗದಂತೆ ಇರುವ ಅಭ್ಯಾಸ, ವೈದ್ಯರು ಕಲಿಸುವ ವ್ಯಾಯಾಮ, ಅಗತ್ಯವಿದ್ದರೆ ರಾತ್ರಿ ಹಲ್ಲಿನ ಮೇಲೆ ಧರಿಸುವ ಗಾರ್ಡ್: ಇಷ್ಟರಲ್ಲೇ ಬಹಳ ಜನ ಸುಧಾರಿಸುತ್ತಾರೆ. ನನಗೆ ಮೂರು ತಿಂಗಳು ಹಿಡಿಯಿತು. ನೋವಿಲ್ಲದೆ ಬರೀ ಕಟಕಟ ಸದ್ದು ಬರುತ್ತಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ.

ಆದರೆ ಅಡಿಕೆ ಬೆಳೆದು ಅಡಿಕೆಯನ್ನೇ ಜಗಿಯುವ ನಮ್ಮ ಮಲೆನಾಡಿನಲ್ಲಿ ಒಂದು ಎಚ್ಚರ ಅಗತ್ಯ. ಬಾಯಿ ಮೊದಲಿನಷ್ಟು ತೆರೆಯದೆ, ಖಾರ ತಿಂದರೆ ಉರಿಯುತ್ತ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದ್ದರೆ ಅದು ಸ್ನಾಯುವಿನ ದಣಿವಲ್ಲ. ಅಡಿಕೆ, ಗುಟ್ಕಾ ಜಗಿಯುವುದರಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಆಗಿರಬಹುದು. ಅದು ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಶಾಖ ಕೊಟ್ಟುಕೊಂಡು ಕಾಲ ಕಳೆಯಬಾರದು.

ಹುಳುಕಿಲ್ಲದ ಹಲ್ಲು ನೋಯುತ್ತಿದೆ ಎಂದು ಬಂದವರ ದವಡೆಯ ಸ್ನಾಯುಗಳನ್ನು ಒತ್ತಿ ನೋಡುವುದಕ್ಕೆ ಒಂದೆರಡು ನಿಮಿಷ ಸಾಕು, ಯಂತ್ರವೇನೂ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ಹಲ್ಲು ಕೀಳುವ ಮುನ್ನ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕೆಂದು ಆರೋಗ್ಯ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ