ಹಡಗಿನ ದರದ ಹಿಂದಿನ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ಬೇಸಿಗೆ ರಜೆಯಲ್ಲಿ ಸಿಂಗಪುರದ ಮರೀನಾ ಬೇಯಿಂದ ಮಲೇಷ್ಯಾದ ಪೆನಾಂಗ್‌ಗೆ ಹೋಗಿ ಬರುವ ಮೂರು ರಾತ್ರಿಯ ಕ್ರೂಸ್‌ಗೆ ಹೋಗಿದ್ದೆವು. ಮಗ 3ನೇ ತರಗತಿ, ಮಗಳು 8ನೇ ತರಗತಿ. ಜಾಹೀರಾತಿನ ದೊಡ್ಡ ಅಕ್ಷರದ ದರ ನೋಡಿ ಬುಕ್ ಮಾಡಿದ್ದು ನನ್ನದೇ ಪೆದ್ದುತನ. ಅದು ಇಬ್ಬರಿರುವ ಕೋಣೆಗೆ ತಲಾ ದರ. ಬಂದರು ತೆರಿಗೆ, ವೈಫೈ ಬೇರೆ. ಟಿಪ್ಸ್ ಅಂತೂ ತಲೆಗಿಷ್ಟು, ದಿನಕ್ಕಿಷ್ಟು. ಮಕ್ಕಳ ತಲೆಯನ್ನೂ ಬಿಡಲಿಲ್ಲ!

ಹಣ ಹೋಗಲಿ. ಹಡಗಿನಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡಿ ಆಡಿಸುವ ಕ್ಲಬ್ಬಿನ ಬಾಗಿಲಲ್ಲಿ ಮಗಳ ವಯಸ್ಸು ಕೇಳಿ, 'ನೀನು ಆ ಕಡೆ ಹೋಗು' ಎಂದರು. ಆ ಕಡೆ ಇದ್ದವರೆಲ್ಲ ಹದಿನಾರು, ಹದಿನೇಳರವರು. ಅವಳು ಎರಡು ದಿನ ಸುಮ್ನೆ ಕೋಣೆಯಲ್ಲೇ ಕೂತಳು. ಕಿಟಕಿಯಿಲ್ಲದ ಅಗ್ಗದ ಕೋಣೆ ಬೇರೆ. ಬೆಳಿಗ್ಗೆ ಎಂಟಾದರೂ ಮಗ 'ಇನ್ನೂ ರಾತ್ರಿ ಅಲ್ವಾ?' ಎಂದು ಮಗ್ಗುಲು ಬದಲಿಸುತ್ತಿದ್ದ.

ಹಡಗು ಆರಿಸುವಾಗ ಮೊದಲು ಕ್ಲಬ್ಬಿನ ವಯಸ್ಸಿನ ಗುಂಪು ಕೇಳಿ. ಜಾರುಬಂಡೆಗೆ ಎತ್ತರದ ಮಿತಿ ಎಷ್ಟೆಂದೂ ಕೇಳಿ. ಊಟದ ಪಟ್ಟಿ ಆಮೇಲೆ ನೋಡಿದರಾಯಿತು. ಪೆನಾಂಗ್‌ನಿಂದ ವಾಪಸಾದರೆ ಅದು ಸಿಂಗಪುರಕ್ಕೆ ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಸಾಲದು. ಇದನ್ನು ನಮ್ಮ ಏಜೆಂಟ್ ಹೇಳಲೇ ಇಲ್ಲ, ಪಕ್ಕದ ಮನೆಯವರು ಹೇಳಿದರು.

– ಓದುಗಿ, ಜಯನಗರ, ಬೆಂಗಳೂರು