ಪಾಯ್ಟಿಯರ್ ಬಗ್ಗೆ ಬರೆದಿರಿ, ಆದರೆ ಆ ಕೆನ್ನೆಯೇಟು ಎಲ್ಲಿ?

ಮಾನ್ಯ ಸಂಪಾದಕರೇ,

ಭಾನುವಾರದ ಸಿನಿಮಾ ಪುಟದಲ್ಲಿ ಸಿಡ್ನಿ ಪಾಯ್ಟಿಯರ್ ಬಗ್ಗೆ ಬಂದ ಬರಹ ಓದಿದೆ. (ಹೆಸರನ್ನು ‘ಪ್ವಾಟಿಯೇ’ ಅನ್ನಬೇಕಂತೆ. ಇರಲಿ, ನೀವು ಬರೆದ ಹಾಗೇ ಬರೆಯುತ್ತೇನೆ.) ಹಳೇ ಹಾಲಿವುಡ್ ನಟನಿಗೆ ಅರ್ಧ ಪುಟ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ‘ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಲ್ಲ, ಅದು ತಪ್ಪು. ಮೊದಲು ಗೆದ್ದವರು ಹ್ಯಾಟಿ ಮೆಕ್‌ಡೇನಿಯಲ್. 1940ರಲ್ಲೇ ಅವರಿಗೆ ಪೋಷಕ ನಟಿ ಪ್ರಶಸ್ತಿ ಬಂದಿತ್ತು. ಅವತ್ತು ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ಅವರನ್ನು ಉಳಿದ ನಟರ ಜೊತೆ ಕೂರಿಸದೆ, ಬೇರೆ ಒಂದು ಪುಟ್ಟ ಮೇಜಿಗೆ ಕಳಿಸಿದ್ದರು. ಪಾಯ್ಟಿಯರ್ ಗೆದ್ದಿದ್ದು 1964ರಲ್ಲಿ, ‘ಲಿಲೀಸ್ ಆಫ್ ದಿ ಫೀಲ್ಡ್’ ಚಿತ್ರಕ್ಕೆ. ಶ್ರೇಷ್ಠ ನಟ ಪ್ರಶಸ್ತಿ ಪಡೆದ ಮೊದಲ ಕಪ್ಪು ನಟ ಅವರು. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ?

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಯಾರ ಕಣ್ಣಿಗೂ ತಪ್ಪುವಂಥದ್ದು. ನನ್ನ ತಕರಾರು ಬೇರೆ. ಇಡೀ ಬರಹ ‘ಮೊದಲಿಗ’ ಅನ್ನುವ ಒಂದೇ ಪದದ ಮೇಲೆ ನಿಂತಿದೆ. ಅವರಿಗೆ ಏನೇನು ಸಿಕ್ಕಿತು ಅಂತ ಪಟ್ಟಿ ಮಾಡಿದ್ದೀರಿ. ಅವರು ಯಾವುದಕ್ಕೆ ‘ಆಗಲ್ಲ’ ಅಂದರು ಅನ್ನುವುದು ಒಂದು ಸಾಲೂ ಇಲ್ಲ. ನನಗೆ ಕೇಳಿದರೆ ಅವರ ಕಥೆ ಇರುವುದೇ ಅಲ್ಲಿ.

1967ರ ‘ಇನ್ ದಿ ಹೀಟ್ ಆಫ್ ದಿ ನೈಟ್’ ನೋಡಿದ್ದೀರಾ? ಅದರಲ್ಲಿ ಅವರು ಫಿಲಡೆಲ್ಫಿಯಾದ ಪೊಲೀಸ್ ಪತ್ತೇದಾರ ಟಿಬ್ಸ್. ಮಿಸಿಸಿಪ್ಪಿಯ ಒಂದು ಸಣ್ಣ ಊರಲ್ಲಿ ಕೊಲೆಯ ತನಿಖೆಗೆ ಸಿಕ್ಕಿಹಾಕಿಕೊಂಡಿರುತ್ತಾನೆ. ಊರಿನ ದೊಡ್ಡ ಬಿಳಿ ಜಮೀನುದಾರ ಎಂಡಿಕಾಟ್ ಗಾಜಿನ ಮನೆಯಲ್ಲಿ ಆರ್ಕಿಡ್ ಹೂಗಳ ನಡುವೆ ನಿಂತಿದ್ದಾನೆ. ಮಾತು ಮೊದಲು ನಯವಾಗೇ ಇರುತ್ತದೆ. ಈ ಕಪ್ಪು ಮನುಷ್ಯ ತನ್ನನ್ನೇ ಪ್ರಶ್ನೆ ಮಾಡಲು ಬಂದಿದ್ದಾನೆ ಅಂತ ಗೊತ್ತಾದ ಕೂಡಲೇ ಎಂಡಿಕಾಟ್ ಟಿಬ್ಸ್‌ನ ಕೆನ್ನೆಗೆ ಬಾರಿಸುತ್ತಾನೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ, ಟಿಬ್ಸ್ ತಿರುಗಿ ಬಾರಿಸುತ್ತಾನೆ. ಹಿನ್ನೆಲೆ ಸಂಗೀತ ಇಲ್ಲ, ಡೈಲಾಗ್ ಇಲ್ಲ. ಪಕ್ಕದಲ್ಲಿ ಪಾನಕದ ತಟ್ಟೆ ಹಿಡಿದ ಕಪ್ಪು ಆಳು ಕಲ್ಲಿನ ಹಾಗೆ ನಿಂತಿರುತ್ತಾನೆ. ನಾನು ಪ್ರತಿ ಸಲ ನೋಡುವುದು ಆ ಆಳಿನ ಮುಖವನ್ನೇ. ಈಗೇನು ಮಾಡ್ತೀಯ ಅಂತ ಎಂಡಿಕಾಟ್ ಅಲ್ಲೇ ಇದ್ದ ಊರಿನ ಬಿಳಿ ಪೊಲೀಸ್ ಮುಖ್ಯಸ್ಥನನ್ನು ಕೇಳಿದರೆ, ಅವನಿಗೂ ಗೊತ್ತಿಲ್ಲ.

ಬಿಳಿಯನೊಬ್ಬ ಹೊಡೆದರೆ ಕಪ್ಪು ಮನುಷ್ಯ ಅಲ್ಲೇ ತಿರುಗಿ ಹೊಡೆಯುವುದನ್ನು ಅಮೆರಿಕದ ದೊಡ್ಡ ಚಿತ್ರಗಳ ಪ್ರೇಕ್ಷಕರು ನೋಡಿಯೇ ಇರಲಿಲ್ಲ ಅನ್ನಬಹುದು. ದೇಶದ ಯಾವ ಭಾಗದಲ್ಲಿ ತೋರಿಸಿದರೂ ಆ ಏಟಿಗೆ ಕತ್ತರಿ ಬೀಳಬಾರದು ಅಂತ ಪಟ್ಟು ಹಿಡಿದೆ ಎಂದು ಪಾಯ್ಟಿಯರ್ ಮುಂದೆ ಹೇಳಿಕೊಂಡಿದ್ದಾರೆ.

ಇನ್ನೊಂದು ಪಟ್ಟು ಚಿತ್ರೀಕರಣದ ಜಾಗದ್ದು. ದಕ್ಷಿಣದ ರಾಜ್ಯಗಳಿಗೆ ಬರಲ್ಲ ಅಂದುಬಿಟ್ಟರು. ಸ್ಟಾರ್ ಗಿಮಿಕ್ ಅಲ್ಲ ಇದು. 1964ರಲ್ಲಿ ಅವರೂ ಗಾಯಕ ಹ್ಯಾರಿ ಬೆಲಫಾಂಟೆಯೂ ನಾಗರಿಕ ಹಕ್ಕುಗಳ ಹೋರಾಟಗಾರರಿಗೆ 70,000 ಡಾಲರ್ ನಗದು ಚೀಲದಲ್ಲಿ ತುಂಬಿಕೊಂಡು ಮಿಸಿಸಿಪ್ಪಿಯ ಗ್ರೀನ್‌ವುಡ್‌ಗೆ ಹೋಗಿದ್ದರು. ರಾತ್ರಿ ದಾರಿಯಲ್ಲಿ ಕ್ಲಾನ್ ಮಂದಿ (ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತ ಸಂಘ, ಕು ಕ್ಲಕ್ಸ್ ಕ್ಲಾನ್) ಬೆನ್ನಟ್ಟಿದ್ದರು. ಅಂಥದ್ದನ್ನು ಕಂಡವರು ಮತ್ತೆ ಅಲ್ಲಿಗೆ ಯಾಕೆ ಹೋಗುತ್ತಾರೆ? ಹಾಗಾಗಿ ಚಿತ್ರದ ಬಹುಭಾಗ ಉತ್ತರದ ಇಲಿನಾಯ್‌ನಲ್ಲಿ ಮುಗಿಯಿತು. ಕೆಲವೇ ದಿನ ದಕ್ಷಿಣದ ಟೆನೆಸ್ಸಿಗೆ ಹೋಗಬೇಕಾಯಿತು, ಆಗ ದಿಂಬಿನ ಕೆಳಗೆ ಪಿಸ್ತೂಲ್ ಇಟ್ಟುಕೊಂಡು ಮಲಗುತ್ತಿದ್ದರಂತೆ. ಆ ಚಿತ್ರಕ್ಕೆ ಐದು ಆಸ್ಕರ್ ಬಂತು. ಜೊತೆ ನಟ ರಾಡ್ ಸ್ಟೈಗರ್ ಶ್ರೇಷ್ಠ ನಟರಾದರು. ಪಾಯ್ಟಿಯರ್ ಹೆಸರು ನಾಮನಿರ್ದೇಶನದಲ್ಲೂ ಇರಲಿಲ್ಲ!

ಇದೆಲ್ಲ ಹೆಸರು ಬಂದ ಮೇಲಿನ ಧೈರ್ಯ ಅನ್ನುವವರಿಗೆ ಇನ್ನೊಂದು ಮಾತು. 1950ರ ದಶಕದಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಹೆಂಡತಿ ತುಂಬು ಗರ್ಭಿಣಿ ಆಗಿದ್ದಾಗ, ಒಂದು ಪಾತ್ರ ಬಂತು. ಮಗಳನ್ನು ಕೊಂದು ಮನೆ ಮುಂದೆ ಎಸೆದು ಹೋದರೂ ತುಟಿ ಬಿಚ್ಚದ ಅಪ್ಪನ ಪಾತ್ರ. ನನ್ನ ಅಪ್ಪ ಹೀಗೆ ಸುಮ್ಮನಿರುತ್ತಿರಲಿಲ್ಲ ಅನ್ನಿಸಿ ಒಲ್ಲೆ ಅಂದರು. ಹೆರಿಗೆ ಖರ್ಚಿಗೆ ಮನೆ ಸಾಮಾನು ಅಡವಿಟ್ಟು 75 ಡಾಲರ್ ಸಾಲ ತಂದರು. ಈ ಮನುಷ್ಯನಿಗೆ ಹುಚ್ಚು ಅಂದುಕೊಂಡ ಏಜೆಂಟ್, ಆಮೇಲೆ ಬಂದು ಇನ್ನು ಮುಂದೆ ನಿನ್ನ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಅಂದನಂತೆ.

ಹಾಗಂತ ಅವರನ್ನು ದೇವರ ಫೋಟೋ ಮಾಡಬೇಡಿ. ಅವರ ಮೇಲೆ ಟೀಕೆಯೂ ಇತ್ತು, ಅದನ್ನೂ ನೀವು ಬಿಟ್ಟಿದ್ದೀರಿ. ಯಾವಾಗಲೂ ಇಸ್ತ್ರಿ ಹಾಕಿದ ಸೂಟು, ಒಳ್ಳೇ ಮಾತು, ಸಿಟ್ಟೇ ಬರದ ಸಜ್ಜನ. ಬಿಳಿಯರಿಗೆ ಇಷ್ಟವಾಗಲಿ ಅಂತಲೇ ಮಾಡಿದ ಪಾತ್ರಗಳು ಅಂತ ಕಪ್ಪು ಬರಹಗಾರರೇ 1967ರಲ್ಲಿ ಬರೆದರು. ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ ನೋಡಿದರೆ ಅವರ ಮಾತು ಪೂರ್ತಿ ಸುಳ್ಳಲ್ಲ ಅನ್ನಿಸುತ್ತದೆ. ಅದರಲ್ಲಿ ಅವರದು ಡಾಕ್ಟರ್ ಪಾತ್ರ. ಆ ಡಾಕ್ಟರಲ್ಲಿ ಒಂದಾದರೂ ದೋಷ ಹುಡುಕಿ ನೋಡೋಣ! ಪಾಯ್ಟಿಯರ್‌ಗೂ ಆ ಮಾತು ಚುಚ್ಚಿತ್ತು. 70ರ ದಶಕದಲ್ಲಿ ಅವರು ನಿರ್ದೇಶನದ ಕಡೆ ಹೊರಳಿ, ಹಾಸ್ಯ ಚಿತ್ರಗಳನ್ನು ಮಾಡಿದರು.

ಕೊನೆಗೆ ಒಂದು ವಿಷಯ. ಪತ್ರಿಕೆಯವರಾಗಿ ನೀವು ಇದನ್ನು ಹೇಗೆ ಬಿಟ್ಟಿರೋ ಗೊತ್ತಿಲ್ಲ. ಟೊಮೆಟೊ ಬೆಳೆಯುವ ಅಪ್ಪ ಅಮ್ಮನ ಮಗ. 1927ರಲ್ಲಿ ಮಯಾಮಿಯಲ್ಲಿ ಅವಧಿಗೆ ಮುಂಚೆ ಹುಟ್ಟಿ, ಬಹಾಮಾಸ್‌ನ ಕ್ಯಾಟ್ ದ್ವೀಪದಲ್ಲಿ ಬೆಳೆದ ಹುಡುಗ. ನ್ಯೂಯಾರ್ಕ್‌ಗೆ ಬಂದಾಗ ಸರಿಯಾಗಿ ಓದಲು ಬರುತ್ತಿರಲಿಲ್ಲ. ನಟರು ಬೇಕಾಗಿದ್ದಾರೆ ಅನ್ನುವ ಜಾಹೀರಾತು ನೋಡಿ ಹಾರ್ಲೆಮ್‌ನ ನಾಟಕ ಕಂಪನಿಗೆ ಹೋದರೆ, ತಡವರಿಸಿ ಓದಿದ್ದು ಕೇಳಿದವರು ಪಾತ್ರೆ ತೊಳೆಯೋ ಕೆಲಸ ನೋಡ್ಕೋ ಹೋಗು ಅಂತ ಹೊರಗೆ ತಳ್ಳಿದರು. ಹುಡುಗ ಆಗ ಮಾಡುತ್ತಿದ್ದುದು ಅದೇ ಕೆಲಸ! ನಾನು ಹೇಳಲೇ ಇಲ್ಲವಲ್ಲ, ಇವರಿಗೆ ಹೇಗೆ ಗೊತ್ತಾಯಿತು ಅಂತ ದಾರಿಯುದ್ದಕ್ಕೂ ಯೋಚಿಸಿದನಂತೆ.

ಒಂದು ರಾತ್ರಿ ಕೆಲಸ ಮುಗಿಸಿ ಪೇಪರ್ ಹಿಡಿದು ಕೂತಿದ್ದಾಗ, ಅದೇ ರೆಸ್ಟೋರೆಂಟಿನ ವಯಸ್ಸಾದ ಯಹೂದಿ ವೇಟರ್ ಒಬ್ಬರು ಬಂದು ಪೇಪರಲ್ಲಿ ಏನು ವಿಶೇಷ ಅಂತ ಕೇಳಿದರು. ನನಗೆ ಓದೋದು ಅಷ್ಟು ಬರಲ್ಲ ಅಂದ ಹುಡುಗ. ಅವತ್ತಿನಿಂದ ವಾರಗಟ್ಟಲೆ ಆ ಮುದುಕರು ರಾತ್ರಿ ಪಕ್ಕದಲ್ಲಿ ಕೂತು ಪತ್ರಿಕೆಯ ಸುದ್ದಿ ಓದಿಸಿದರು. ಅಲ್ಪವಿರಾಮ ಯಾಕೆ ಹಾಕುತ್ತಾರೆ ಅನ್ನುವುದನ್ನೂ ಹೇಳಿಕೊಟ್ಟರು. 1992ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಜೀವಮಾನದ ಗೌರವ ಕೊಟ್ಟಾಗ, ಪಾಯ್ಟಿಯರ್ ವೇದಿಕೆ ಮೇಲೆ ನಿಂತು ಆ ವೇಟರಿಗೂ ಧನ್ಯವಾದ ಹೇಳಿದರು.

ತಿದ್ದುಪಡಿ ಹಾಕುವಾಗ ಹ್ಯಾಟಿ ಮೆಕ್‌ಡೇನಿಯಲ್ ಫೋಟೋ ಕೂಡ ಹಾಕಿ.

ಇಂತಿ,
ನಿಮ್ಮ ಓದುಗ