ರಾಕೆಟ್ ಹಾರಿಸುವವರಿಗೂ ಅರ್ಹತಾ ಪತ್ರ ಬೇಕು

ಸಂಪಾದಕರಿಗೆ,

ಮಾನ್ಯರೆ,

ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ರಾಕೆಟ್ ಹಾರಿಸುವ ಶಾಲಾ ಮಕ್ಕಳಿಗೆ ನಮ್ಮ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಬಹುಮಾನ ಕೊಡುವುದು ವಾಡಿಕೆಯಾಗಿದೆ. ಅದೇ ಮಕ್ಕಳು ಮುಂದೆ ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳನ್ನು ಸೇರಿ, ಘನ ಇಂಧನದ ಮೋಟಾರು ಕೂರಿಸಿ ಒಂದು ಕಿಲೋಮೀಟರ್ ಎತ್ತರಕ್ಕೆ ಏರುವ ರಾಕೆಟ್ ಕಟ್ಟಬೇಕೆಂದು ಹೊರಟರೆ, ಅದಕ್ಕೆ ಕಾನೂನುಬದ್ಧವಾದ ದಾರಿ ಯಾವುದೆಂದು ಹೇಳುವವರೇ ಸಿಗುವುದಿಲ್ಲ. ನಿವೃತ್ತನಾದ ಮೇಲೂ ಇಂಥ ವಿದ್ಯಾರ್ಥಿಗಳು ಸಲಹೆ ಕೇಳಿಕೊಂಡು ನನ್ನ ಮನೆಗೆ ಬರುತ್ತಿರುವುದರಿಂದ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಹಂತಹಂತವಾದ ಅರ್ಹತಾ ಪತ್ರದ ಪದ್ಧತಿ ಇದೆ. ಅದನ್ನು ನಡೆಸುವುದು ಸರ್ಕಾರವಲ್ಲ, 1957ರಲ್ಲಿ ಆರಂಭವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಮತ್ತು ಅದರ ಜೊತೆಗಿರುವ ಟ್ರಿಪೋಲಿ ರಾಕೆಟ್ರಿ ಅಸೋಸಿಯೇಷನ್ ಎಂಬ ಎರಡು ಹವ್ಯಾಸಿ ಸಂಘಗಳು. ಮೋಟಾರು ಉರಿದು ಮುಗಿಯುವವರೆಗೆ ಒಟ್ಟಾರೆ ಕೊಡುವ ನೂಕನ್ನು ನ್ಯೂಟನ್-ಸೆಕೆಂಡ್‌ಗಳಲ್ಲಿ ಅಳೆದು, ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿಯಾಗುವಂತೆ ಎ, ಬಿ, ಸಿ ಎಂದು ವರ್ಗ ಮಾಡುತ್ತಾರೆ. 160 ನ್ಯೂಟನ್-ಸೆಕೆಂಡ್‌ಗೆ ಮುಗಿಯುವ ಜಿ ವರ್ಗದಿಂದಾಚೆಗೆ ಹೈ-ಪವರ್ ರಾಕೆಟ್ರಿ, ಅಂದರೆ ದೊಡ್ಡ ಮೋಟಾರಿನ ರಾಕೆಟ್ಟುಗಳ ವರ್ಗ, ಶುರುವಾಗುತ್ತದೆ. ಎಚ್ ಮತ್ತು ಐ ಮೋಟಾರುಗಳಿಗೆ ಮೊದಲ ಹಂತದ ಅರ್ಹತೆ ಬೇಕು. ಜೆ, ಕೆ, ಎಲ್ ವರ್ಗಗಳಿಗೆ, ಅಂದರೆ 5,120 ನ್ಯೂಟನ್-ಸೆಕೆಂಡ್‌ವರೆಗೆ, ಎರಡನೆಯ ಹಂತ. ಅದಕ್ಕೆ ಲಿಖಿತ ಪರೀಕ್ಷೆಯೂ ಉಂಟು. ಅದಕ್ಕೂ ಮೇಲಿನ ಮೂರನೆಯ ಹಂತದಲ್ಲಿ ವಿನ್ಯಾಸದ ಕಡತವನ್ನು ಮೊದಲೇ ಒಪ್ಪಿಸಿ ಅನುಭವಿಗಳಿಂದ ಪರಿಶೀಲನೆ ಮಾಡಿಸಿಕೊಳ್ಳಬೇಕು.

ಮೊದಲ ಹಂತವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮಗೆ ಸದ್ಯಕ್ಕೆ ಬೇಕಾಗಿರುವುದು ಅಷ್ಟೇ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು, ರಾಕೆಟ್ಟನ್ನು ತಾನೇ ಕಟ್ಟಿರಬೇಕು, ಮೋಟಾರು ಮಾತ್ರ ಮಾನ್ಯತೆ ಪಡೆದ ಕಾರ್ಖಾನೆಯದ್ದಾಗಿರಬೇಕು. ಹಾರಿಸುವ ಮುನ್ನ ಪರೀಕ್ಷಕರು ರಾಕೆಟ್ಟನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳುತ್ತಾರೆ. ಗುರುತ್ವ ಕೇಂದ್ರ (ರಾಕೆಟ್ಟಿನ ತೂಕ ಸಮತೂಗುವ ಬಿಂದು) ಎಲ್ಲಿದೆ, ಒತ್ತಡ ಕೇಂದ್ರ (ಹಾರುವಾಗ ಗಾಳಿಯ ಒತ್ತಡವೆಲ್ಲ ಸೇರಿ ಬೀಳುವ ಬಿಂದು) ಎಲ್ಲಿದೆ, ಮೊದಲನೆಯದು ಎರಡನೆಯದಕ್ಕಿಂತ ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟಾದರೂ ಮುಂದಿದೆಯೇ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ನನ್ನ ಬಳಿಗೆ ಬರುವ ಹುಡುಗಿಯೊಬ್ಬಳು ತನ್ನ ರಾಕೆಟ್ಟನ್ನು ದಾರಕ್ಕೆ ತೂಗುಹಾಕಿ, ಅದು ಅಡ್ಡಡ್ಡ ಸಮನಾಗಿ ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ತೋರಿಸಿದಳು. ಬಳಿಕ ಮೋಟಾರಿನ ತೂಕಕ್ಕೆ ಸಮನಾದ ಮರಳಿನ ಪೊಟ್ಟಣವನ್ನು ಬಾಲದೊಳಗೆ ತುರುಕಿ ಮತ್ತೆ ತೂಗಿದಾಗ ಆ ಗುರುತು ಬೆರಳುಗಟ್ಟಲೆ ಹಿಂದಕ್ಕೆ ಸರಿಯಿತು. ಖಾಲಿ ರಾಕೆಟ್ಟಿನ ಲೆಕ್ಕ ನಂಬಿ ಹಾರಿಸಿದವರ ರಾಕೆಟ್ಟು ಗಾಳಿಯಲ್ಲಿ ಗಿರಕಿ ಹೊಡೆದು ಜನರ ಕಡೆ ನುಗ್ಗುವುದು ಇದೇ ಕಾರಣಕ್ಕೆ. ಅವಳ ಪ್ಯಾರಾಚೂಟನ್ನು ಪೇಟೆಯ ದರ್ಜಿಯೊಬ್ಬರು ಕೊಡೆ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದಾರೆ, ಹೊಲಿಗೆ ಅಚ್ಚುಕಟ್ಟಾಗಿದೆ. ಆಕಾಶದಲ್ಲಿ ಅದು ಬಿಚ್ಚಿಕೊಂಡು, ರಾಕೆಟ್ಟು ಮತ್ತೆ ಹಾರಿಸಬಹುದಾದಷ್ಟು ಸುಸ್ಥಿತಿಯಲ್ಲಿ ಕೆಳಗಿಳಿದರೆ ಮಾತ್ರ ಅಭ್ಯರ್ಥಿ ತೇರ್ಗಡೆ. ಎಷ್ಟು ಎತ್ತರಕ್ಕೆ ಹೋಯಿತು ಎಂಬುದಕ್ಕೆ ಅಲ್ಲಿ ಅಂಕವೇ ಇಲ್ಲ, ಮತ್ತು ನನಗೆ ಈ ಪದ್ಧತಿಯಲ್ಲಿ ಬಹಳ ಹಿಡಿಸಿದ್ದು ಅದೇ.

ಅವಳ ರಾಕೆಟ್ಟು ಇಂದಿಗೂ ಬೀರುವಿನ ಮೇಲಿದೆ. ನಮ್ಮ 1884ರ ಸ್ಫೋಟಕಗಳ ಕಾಯ್ದೆಯು ಸ್ಫೋಟಕ ಎಂದರೇನು ಎಂದು ವಿವರಿಸುವಾಗ ಪಟಾಕಿ, ಬತ್ತಿ, ಮದ್ದುಗುಂಡುಗಳ ಸಾಲಿನಲ್ಲೇ ರಾಕೆಟ್ಟನ್ನೂ ಸೇರಿಸಿದೆ. 2008ರ ನಿಯಮಗಳ ಪ್ರಕಾರ ಸ್ಫೋಟಕಗಳ ತಯಾರಿಕೆಗೂ ಆಮದಿಗೂ ಪರವಾನಗಿ ಬೇಕು, ಅದರ ಉಸ್ತುವಾರಿ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯದು (ಪೆಸೊ). ಕಾಯ್ದೆ ಬಿಗಿಯಾಗಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅರ್ಹತೆ ತೋರಿಸಿ ಒಂದು ಮೋಟಾರು ಪಡೆಯಲು ವಿದ್ಯಾರ್ಥಿಗೆ ಅದರಲ್ಲಿ ಬಾಗಿಲು ಕಾಣುವುದಿಲ್ಲ. ಈ ಬಗ್ಗೆ ಕಚೇರಿಯೊಂದರಲ್ಲಿ ವಿಚಾರಿಸಿದಾಗ ಅಲ್ಲಿನ ಗುಮಾಸ್ತರು ನಮ್ಮ ಕೈಗಿತ್ತದ್ದು ದೀಪಾವಳಿ ಪಟಾಕಿ ಮಳಿಗೆಯ ಅರ್ಜಿ ನಮೂನೆ!

ಬಾಗಿಲು ಇಲ್ಲದ ಕಡೆ ಹುಡುಗರು ಕಿಟಕಿ ಹುಡುಕುತ್ತಾರೆ. ವಿಡಿಯೊ ನೋಡಿಕೊಂಡು ಹಾಸ್ಟೆಲ್ ಕೋಣೆಯಲ್ಲೋ ಬಾಡಿಗೆ ಮನೆಯ ಅಡುಗೆ ಒಲೆಯ ಮೇಲೋ ಇಂಧನ ಕಾಯಿಸಲು ಹೊರಡುವವರಿದ್ದಾರೆ. ಬೇಡವೆಂದು ಗದರಿಸಿದರೆ ಮುಂದಿನ ಸಲ ನನಗೆ ಹೇಳದೆ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಮೇಲೆ ಹೇಳಿದ ಪದ್ಧತಿಯಲ್ಲಿ ಅರ್ಹತಾ ಹಾರಾಟಕ್ಕೆ ಮನೆಯಲ್ಲಿ ತಯಾರಿಸಿದ ಮೋಟಾರನ್ನು ಒಪ್ಪುವುದೇ ಇಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಖಾಸಗಿ ಬಾಹ್ಯಾಕಾಶ ಚಟುವಟಿಕೆಗಳಿಗೆ ಉತ್ತೇಜನ, ಅನುಮತಿ ನೀಡುವ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆಯು 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾದರಿ ರಾಕೆಟ್ ಸ್ಪರ್ಧೆ ನಡೆಸಿದ್ದು ಸಂತೋಷದ ಸಂಗತಿ. ಸ್ಪರ್ಧೆ ಮುಗಿದ ಮರುದಿನ ತಂಡಗಳು ಊರಿಗೆ ಮರಳುತ್ತವೆ. ಅರ್ಹತಾ ಪತ್ರವಾದರೋ ವ್ಯಕ್ತಿಯ ಜೊತೆ ಉಳಿಯುತ್ತದೆ, ಮುಂದಿನವರಿಗೆ ಅವರೇ ಪರೀಕ್ಷಕರಾಗಬಹುದು. ಅದೇ ಸಂಸ್ಥೆಯು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದೊಡನೆ ಸೇರಿ ಮೊದಲ ಹಂತದ ಪರೀಕ್ಷೆಯನ್ನು ರೂಪಿಸಬೇಕು, ಮೋಟಾರುಗಳನ್ನು ಪರವಾನಗಿ ಇರುವ ಸಂಸ್ಥೆಯ ಸುಪರ್ದಿಯಲ್ಲೇ ಇಟ್ಟು ಹಾರಾಟದ ದಿನ ಮೈದಾನದಲ್ಲಿ ಮಾತ್ರ ಕೊಡಬೇಕು ಎಂಬುದು ನನ್ನ ಮನವಿ.

ಜಾಗದ ಪ್ರಶ್ನೆಗೆ ನಮ್ಮ ಜಿಲ್ಲೆಯೇ ಉತ್ತರವಾಗಬಲ್ಲದು. ಚಿಕ್ಕಬಳ್ಳಾಪುರದ ಕಡೆ ದೇವನಹಳ್ಳಿಯ ವಿಮಾನ ನಿಲ್ದಾಣ ಸಮೀಪವಿರುವುದರಿಂದ ಅಲ್ಲಿ ಅನುಮತಿ ಕಷ್ಟ. ಶಿರಾ, ಪಾವಗಡದ ಬಯಲಿನಲ್ಲಿ ಕಡಲೆಕಾಯಿ ಕಿತ್ತ ಮೇಲೆ ಮುಂಗಾರಿನವರೆಗೆ ಹೊಲಗಳು ಖಾಲಿ ಬಿದ್ದಿರುತ್ತವೆ. ಅಮೆರಿಕದ ಸಂಘದ ಸುರಕ್ಷತಾ ಸಂಹಿತೆ ಕೇಳುವುದು ಜನವಸತಿಯಿಂದ 1,500 ಅಡಿ ದೂರ, ಗಂಟೆಗೆ 20 ಮೈಲಿ ಮೀರದ ಗಾಳಿ, ಉಡಾವಣಾ ಕಂಬಿಯ ಸುತ್ತ ಒಣಹುಲ್ಲು ತೆಗೆದ ನೆಲ. ನಮ್ಮಲ್ಲಿ ಇದರ ಜೊತೆಗೆ ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ, ಅಗ್ನಿಶಾಮಕ ವಾಹನ, ಹೊಲದ ಮಾಲೀಕರಿಗೆ ನ್ಯಾಯವಾದ ಬಾಡಿಗೆ ಬೇಕಾಗುತ್ತದೆ; ಕೊನೆಯದನ್ನು ನಮ್ಮವರು ಮರೆಯುವುದೇ ಹೆಚ್ಚು.

ಹೈದರಾಲಿ ಹುಟ್ಟಿದ ಬೂದಿಕೋಟೆ ಕೋಲಾರ ಜಿಲ್ಲೆಯಲ್ಲಿದೆ ಎಂದು, ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಬ್ರಿಟಿಷ್ ಸೇನೆಗೆ ರಾಕೆಟ್ ರೂಪಿಸಿದ ಕಾಂಗ್ರೀವ್‌ಗೆ ಮಾದರಿಯಾದವು ಎಂದು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ. ಅಂಥ ಸಂಸ್ಥೆಗಳ ಎಂಜಿನಿಯರುಗಳು ವರ್ಷದಲ್ಲಿ ಕೆಲವು ಭಾನುವಾರ ಪರೀಕ್ಷಕರಾಗಿ ಬಂದರೆ ಸಾಕು. ಬರುವ ಬೇಸಿಗೆಗೆ ಮೊದಲ ಹಾರಾಟ ಆಗಬೇಕಾದರೆ ಜಿಲ್ಲಾಧಿಕಾರಿಗಳು ಜಾಗದ ಗುರುತಿಸುವಿಕೆಯನ್ನು ಹಿಂಗಾರು ಬಿತ್ತನೆಗೆ ಮುಂಚೆಯೇ ಕೈಗೆತ್ತಿಕೊಳ್ಳಬೇಕಾಗುತ್ತದೆ.

ಇತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ತುಮಕೂರು